ಈ ಮನೆ ಇಷ್ಟು ಅಗ್ಗ ಯಾಕೆ?

ಕಳೆದ ಮಳೆಗಾಲದಲ್ಲಿ ಕುಮಟೆಯ ನಮ್ಮ ಅಕ್ಕನ ಮಗ ಒಂದು ಹಾಳೆ ಹಿಡಿದುಕೊಂಡು ನಮ್ಮ ಡೊಂಬಿವಲಿಯ ಮನೆಗೆ ಬಂದ. ಹಾಳೆಯಲ್ಲಿ ಮೂರು ಫ್ಲ್ಯಾಟು. ಬದ್ಲಾಪುರದಲ್ಲೊಂದು, ನಾಲಾಸೋಪಾರಾದಲ್ಲೊಂದು, ತಳೋಜಾದಲ್ಲೊಂದು. ಮೂರೂ ಒನ್ ಬಿಎಚ್‌ಕೆ, ಮೂರೂ ನಲವತ್ತು ಲಕ್ಷದೊಳಗೆ. ಚದರಡಿಗೆ ಎಷ್ಟು, ಲಿಫ್ಟ್ ಎಷ್ಟು, ಈಜುಕೊಳ ಇದೆಯೋ ಇಲ್ಲವೋ, ಸ್ಟೇಶನ್ನಿಗೆ ಎಷ್ಟು ನಿಮಿಷ ಎಲ್ಲವನ್ನೂ ಗೆರೆ ಎಳೆದು ಬರೆದಿದ್ದ. ನಿಮಿಷ ಬ್ರೋಶರಿನದು, ರಾತ್ರಿ ಎರಡು ಗಂಟೆಗೆ ಆಂಬುಲೆನ್ಸಿನಲ್ಲಿ ಹೋದರೆ ತಗಲುವಷ್ಟು. ಕೆಲಸ ಎಲ್ಲಿ ಎಂಬುದನ್ನು ಮಾತ್ರ ಬರೆದಿರಲಿಲ್ಲ. ಅವನ ಆಫೀಸು ಐರೋಲಿಯಲ್ಲಿ.

ಐರೋಲಿ ಇರುವುದು ಥಾಣೆಯಿಂದ ವಾಶಿ, ಪನ್ವೇಲ್ ಕಡೆ ಹೋಗುವ ಟ್ರಾನ್ಸ್‌ಹಾರ್ಬರ್ ಲೈನಿನಲ್ಲಿ. ನಾಲಾಸೋಪಾರಾ ವೆಸ್ಟರ್ನ್ ಲೈನಿನ ತುದಿಯಲ್ಲಿ. ಅಲ್ಲಿಂದ ಐರೋಲಿಗೆ ಬರಬೇಕೆಂದರೆ ದಾದರ್ ತನಕ ಕೆಳಗಿಳಿದು, ಸೆಂಟ್ರಲ್ ಹಿಡಿದು ಥಾಣೆಗೆ ಏರಿ, ಅಲ್ಲಿ ಮೂರನೆಯ ಗಾಡಿ ಹತ್ತಬೇಕು. ಅಂಗೈಯಿಂದ ಮೂಗು ಮುಟ್ಟಲು ತಲೆ ಸುತ್ತಿ ಕೈ ತಂದ ಹಾಗೆ. ಆ ಫ್ಲ್ಯಾಟಿನ ದರ ಮೂರರಲ್ಲಿ ಕಡಿಮೆ, ಹಾಗಾಗಿ ಹಾಳೆಯಲ್ಲಿ ಅದಕ್ಕೇ ಮೊದಲ ಸ್ಥಾನ.

ಊರಿಂದ ಬಂದು ಎರಡು-ಮೂರು ವರ್ಷ ಬಾಡಿಗೆ ಕಟ್ಟಿದ ಮೇಲೆ ಎಲ್ಲರಿಗೂ ಈ ಹಾಳೆಯ ರೋಗ ಬರುತ್ತದೆ. ನನಗೂ ಬಂದಿತ್ತು. ನಗರದೊಳಗೆ ಎಟುಕುವುದಿಲ್ಲ ಎಂಬುದು ಮೊದಲ ವಾರದಲ್ಲೇ ತಿಳಿಯುತ್ತದೆ. ಆಮೇಲೆ ರೈಲುಹಳಿ ಹಿಡಿದು ಹೊರಗೆ, ಇನ್ನೂ ಹೊರಗೆ ಹೋಗುತ್ತ, ದರ ಕೈಗೆ ಸಿಗುವಷ್ಟು ಇಳಿದ ಸ್ಟೇಶನ್ನಿನಲ್ಲಿ ನಾವೂ ಇಳಿದುಬಿಡುತ್ತೇವೆ. ದರ ಇಲ್ಲಿ ಯಾಕೆ ಇಳಿಯಿತು ಎಂದು ಕೇಳುವ ತ್ರಾಣ ಆ ಹೊತ್ತಿಗೆ ಉಳಿದಿರುವುದಿಲ್ಲ.

ಮುಂಬಯಿಯಲ್ಲಿ ಯಾವ ಮನೆಯೂ ಸುಮ್ಮನೆ ಅಗ್ಗವಾಗಿರುವುದಿಲ್ಲ. ದೂರ ಎಂದು ಅಗ್ಗವಾಗಿದ್ದರೆ, ಉಳಿದ ದುಡ್ಡನ್ನು ದಿನವೂ ಸ್ವಲ್ಪ ಸ್ವಲ್ಪ ಬೇರೆ ರೂಪದಲ್ಲಿ ಕಟ್ಟುತ್ತಿರುತ್ತೇವೆ. ರೈಲೋ ರಸ್ತೆಯೋ ಇನ್ನೂ ಬಂದಿಲ್ಲ ಎಂದು ಅಗ್ಗವಾಗಿದ್ದರೆ, ಕಾದವರಿಗೆ ಎಂದಾದರೂ ಫಲ ಉಂಟು. ಕಾಗದವೋ ನೆಲವೋ ಸರಿಯಿಲ್ಲ ಎಂದು ಅಗ್ಗವಾಗಿದ್ದರೆ ಆ ಕಾರಣ ಎಷ್ಟು ಕಾದರೂ ಹೋಗುವುದಿಲ್ಲ. ಏಜೆಂಟ್ ಈ ಮೂರಕ್ಕೂ ಇಟ್ಟಿರುವ ಹೆಸರು ಒಂದೇ: ‘ಡೆವಲಪಿಂಗ್ ಏರಿಯಾ.’

ಮೊದಲು ದೂರದ ಮಾತು. ಸೆಂಟ್ರಲ್ ಲೈನ್ ಶುರುವಾಗುವ ಸಿಎಸ್‌ಎಂಟಿಯಿಂದ ಡೊಂಬಿವಲಿ ಸುಮಾರು 48 ಕಿಲೋಮೀಟರ್, ಬದ್ಲಾಪುರ 68. ವೆಸ್ಟರ್ನ್ ಲೈನ್ ಶುರುವಾಗುವ ಚರ್ಚ್‌ಗೇಟಿನಿಂದ ವಿರಾರ್ 60. ಇಲ್ಲಿ ವರ್ಷವಿಡೀ ಓಡಾಡಿದವರು ಯಾರೂ ಕಿಲೋಮೀಟರ್ ಎಣಿಸುವುದಿಲ್ಲ. ಯಾವ ಲೈನು, ಎಷ್ಟು ಕಡೆ ಗಾಡಿ ಬದಲಿಸಬೇಕು, ಬೆಳಿಗ್ಗೆ ಎಂಟಕ್ಕೆ ಬಾಗಿಲಲ್ಲಾದರೂ ಕಾಲಿಡಲು ಆಗುತ್ತದೆಯೇ, ಇವಿಷ್ಟೇ ಪ್ರಶ್ನೆ. ಬದ್ಲಾಪುರ ದೂರ, ಆದರೆ ಅಲ್ಲಿಂದಲೇ ಹೊರಡುವ ಲೋಕಲುಗಳಿವೆ, ಕಿಟಕಿ ಪಕ್ಕ ಕೂತು ನಿದ್ದೆ ಮುಗಿಸಬಹುದು. ಡೊಂಬಿವಲಿ ಇಪ್ಪತ್ತು ಕಿಲೋಮೀಟರ್ ಹತ್ತಿರ, ಆದರೆ ಕರ್ಜತ್, ಕಸಾರಾದಿಂದ ಕಿಕ್ಕಿರಿದು ಬಂದ ಫಾಸ್ಟ್ ಗಾಡಿಗೆ ಹತ್ತುವುದು ಎಂದರೆ ದೊಂಬರಾಟ. ಸೀಟಿಗಾಗಿ ಎರಡು ಸ್ಟೇಶನ್ ಹಿಂದಕ್ಕೆ ಹೋಗಿ ಅದೇ ಗಾಡಿಯಲ್ಲಿ ಕೂತು ಬರುವವರು ನಮ್ಮ ಬಿಲ್ಡಿಂಗಿನಲ್ಲೇ ಇದ್ದಾರೆ. ವಿರಾರ್ ಫಾಸ್ಟಿಗೆ ಹತ್ತಿ ನಡುದಾರಿಯ ಬೋರಿವಲಿಯಲ್ಲಿ ಇಳಿಯುತ್ತೇನೆಂದವನಿಗೆ ಬೀಳುವ ಬೈಗುಳವನ್ನು ಇಲ್ಲಿ ಬರೆಯುವ ಹಾಗಿಲ್ಲ. ನಗೆಯಾಡುವ ವಿಷಯವೂ ಅಲ್ಲ ಇದು. 2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾ ಬಳಿಯ ತಿರುವಿನಲ್ಲಿ ಬಾಗಿಲಿಗೆ ಜೋತುಬಿದ್ದಿದ್ದವರು ಹಳಿಗೆ ಬಿದ್ದು ಸತ್ತರು. ಅವರೂ ನಮ್ಮ ಹಾಗೆ ಕೆಲಸಕ್ಕೆ ಹೊರಟವರು.

ಲೆಕ್ಕ ಮಾಡಿ ನೋಡಿ. ಅಗ್ಗದ ಮನೆಯಿಂದಾಗಿ ಹೋಗುವಾಗ ಮುಕ್ಕಾಲು ಗಂಟೆ, ಬರುವಾಗ ಮುಕ್ಕಾಲು ಗಂಟೆ ಹೆಚ್ಚಾಯಿತು ಎನ್ನಿ. ತಿಂಗಳಿಗೆ 25 ದಿನದಂತೆ ವರ್ಷಕ್ಕೆ 450 ಗಂಟೆ. ಮನೆಸಾಲ ತೀರುವ 20 ವರ್ಷಕ್ಕೆ 9,000 ಗಂಟೆ, ಅಂದರೆ ಹಗಲು-ರಾತ್ರಿ ಸೇರಿ ಒಂದು ವರ್ಷಕ್ಕೂ ಹೆಚ್ಚು. ಬ್ಯಾಂಕಿನ ಕಂತಿನ ಜೊತೆಗೆ ಒಂದಿಡೀ ವರ್ಷವನ್ನು ರೈಲಿಗೂ ಕಟ್ಟುತ್ತೇವೆ. ಒಬ್ಬಳೇ ಅಥವಾ ಒಬ್ಬನೇ ದುಡಿಯುವ ಮನೆಯಲ್ಲಿ ಇದು ಒಬ್ಬರ ಪಾಲು. ಗಂಡ ಹೆಂಡತಿ ಇಬ್ಬರೂ ದುಡಿಯುತ್ತಿದ್ದರೆ, ಮಗುವನ್ನು ಹಗಲು ನೋಡಿಕೊಳ್ಳುವ ಪಾಳಣಾಘರದಲ್ಲಿ ಬಿಟ್ಟಿದ್ದರೆ, ಸಂಜೆ ಏಳಕ್ಕೆ ಅದರ ಬಾಗಿಲು ಹಾಕುವ ಹೊತ್ತಿಗೆ ಯಾರು ತಲುಪುತ್ತಾರೆ ಎಂಬ ಜಗಳವೂ ಈ ಲೆಕ್ಕಕ್ಕೆ ಸೇರಬೇಕು.

ಆಫೀಸಿನ ಹತ್ತಿರ ಕೊಂಡರಾಯಿತಲ್ಲ ಎನ್ನಬಹುದು. ಎಟುಕಿದರೆ ಸರಿ. ಆದರೆ ಮೂವತ್ತರ ವಯಸ್ಸಿನವರು ನಾಲ್ಕು ವರ್ಷಕ್ಕೊಮ್ಮೆ ಕೆಲಸ ಬದಲಿಸುವ ಕಾಲ ಇದು. ಇವತ್ತು ಐರೋಲಿ, ನಾಳೆ ಬಿಕೆಸಿ, ನಾಡಿದ್ದು ಪೊವಾಯಿ. ಆದ್ದರಿಂದ ಆಫೀಸಿಗಿಂತ ಜಂಕ್ಷನ್ ಹತ್ತಿರ ಕೊಳ್ಳುವುದು ಜಾಣತನ ಎಂಬುದು ನನ್ನ ಅನುಭವ. ಥಾಣೆ, ಕಲ್ಯಾಣ, ಪನ್ವೇಲ್, ಇಂಥ ಕಡೆ ಎರಡು-ಮೂರು ದಿಕ್ಕಿಗೆ ಗಾಡಿಗಳಿರುತ್ತವೆ. ನಮ್ಮಂಥವರಿಗೆ ಇನ್ನೊಂದು ಲಾಭವೂ ಉಂಟು. ಕರಾವಳಿಯವರಿಗೆ ಮತ್ಸ್ಯಗಂಧಾ ಥಾಣೆ, ಪನ್ವೇಲುಗಳಲ್ಲಿ ನಿಲ್ಲುತ್ತದೆ. ಕಲಬುರಗಿ ಕಡೆಯವರಿಗೆ ಉದ್ಯಾನ್ ಎಕ್ಸ್‌ಪ್ರೆಸ್ ಕಲ್ಯಾಣದಲ್ಲಿ ಸಿಗುತ್ತದೆ. ಚೌತಿಗೆ ಎರಡು ಮಕ್ಕಳು, ನಾಲ್ಕು ಚೀಲ, ಒಬ್ಬ ಅಜ್ಜಿಯನ್ನು ಕರೆದುಕೊಂಡು ನಾಲಾಸೋಪಾರಾದಿಂದ ಪನ್ವೇಲಿಗೆ ಹೋಗಿ ರೈಲು ಹಿಡಿದವರನ್ನು ಕೇಳಿದರೆ ಈ ಮಾತು ಸಣ್ಣದಲ್ಲ ಎಂದು ಹೇಳುತ್ತಾರೆ.

ಇನ್ನು ‘ಬರಲಿದೆ’ ಎಂಬ ಮಾತು. ಮುಂಬಯಿಯ ಹೊರವಲಯದಲ್ಲಿ ಅತಿ ಹೆಚ್ಚು ಮಾರಾಟವಾಗುವ ವಸ್ತು ಇದೇ.

ಬಂದದ್ದು ಸುಳ್ಳಲ್ಲ. ಅಟಲ್ ಸೇತು 2024ರ ಜನವರಿಯಲ್ಲಿ ತೆರೆಯಿತು, 21.8 ಕಿಲೋಮೀಟರ್. ನವಿಮುಂಬಯಿ ವಿಮಾನ ನಿಲ್ದಾಣದಿಂದ 2025ರ ಡಿಸೆಂಬರಿನಲ್ಲಿ ವಿಮಾನ ಹಾರಿತು. ಆದರೆ ಆ ನಿಲ್ದಾಣಕ್ಕೆ ಕೇಂದ್ರದ ತಾತ್ವಿಕ ಒಪ್ಪಿಗೆ ಸಿಕ್ಕಿದ್ದು 2007ರಲ್ಲಿ, ಶಂಕುಸ್ಥಾಪನೆಯಾದದ್ದು 2018ರಲ್ಲಿ. ನಡುವೆ ಉಲ್ವೆ, ಪನ್ವೇಲಿನ ಅದೆಷ್ಟು ಜಾಹೀರಾತುಗಳಲ್ಲಿ ವಿಮಾನ ಹಾರಿತೋ! ಬೇಲಾಪುರದಿಂದ ತಳೋಜಾದ ಪೇಂಧರ್‌ವರೆಗಿನ ನವಿಮುಂಬಯಿ ಮೆಟ್ರೋ ಹನ್ನೊಂದು ಕಿಲೋಮೀಟರ್. ಕೆಲಸ ಶುರುವಾದದ್ದು 2011ರಲ್ಲಿ, ಗಾಡಿ ಓಡಿದ್ದು 2023ರ ನವೆಂಬರಿನಲ್ಲಿ. ಮೆಟ್ರೋ ನಂಬಿ ಮಗು ಹುಟ್ಟುವ ಮೊದಲು ಮನೆ ಕೊಂಡವರ ಮಕ್ಕಳು ಮೆಟ್ರೋ ಹತ್ತುವಾಗ ಹೈಸ್ಕೂಲಿನ ಹೊಸ್ತಿಲಲ್ಲಿದ್ದರು.

ನಮ್ಮ ಕಡೆಯವರಿಗೆ ಇನ್ನೂ ಹತ್ತಿರದ ಉದಾಹರಣೆ ಐರೋಲಿ–ಕಲ್ವಾ ಮೇಲ್ಸೇತುವೆ ಮಾರ್ಗ. ಕಲ್ಯಾಣ, ಡೊಂಬಿವಲಿ ಕಡೆಯವರು ಥಾಣೆಯಲ್ಲಿ ಇಳಿದು ಹತ್ತುವ ಕಷ್ಟವಿಲ್ಲದೆ ನೇರ ನವಿಮುಂಬಯಿಗೆ ಹೋಗಲಿ ಎಂದು ಹಾಕಿದ ಯೋಜನೆ. ಅದರ ಭಾಗವಾಗಿ ದಿಘಾ ಗಾಂವ್ ಸ್ಟೇಶನ್ 2024ರ ಜನವರಿಯಲ್ಲಿ ತೆರೆಯಿತು. ಯಾವುದಕ್ಕಾಗಿ ಇಷ್ಟೆಲ್ಲ ಮಾಡಿದರೋ ಆ ಕೊಂಡಿ ಮಾತ್ರ ಹಳಿ ಪಕ್ಕದ ವಸತಿಗಳ ಪುನರ್ವಸತಿಯ ಪ್ರಶ್ನೆಯಲ್ಲಿ ವರ್ಷಗಟ್ಟಲೆ ಸಿಕ್ಕಿಬಿತ್ತು. ಸ್ಟೇಶನ್ ಬಂತು, ದಾರಿ ಬರಲಿಲ್ಲ.

ಹಾಗಾಗಿ ನಾನು ಅಕ್ಕನ ಮಗನಿಗೆ ಹೇಳಿದ್ದು: ಕಂಬ ಕಂಡರೆ ನಂಬಬೇಡ, ಗಾಡಿ ಓಡುವುದನ್ನು ಕಂಡರೆ ನಂಬು. ಇವತ್ತು ಇರುವ ರೈಲು, ಇವತ್ತು ಬರುವ ನೀರು, ಇವತ್ತಿನ ರಸ್ತೆ ಇಷ್ಟರಲ್ಲೇ ಬದುಕಲು ಆಗುವುದಾದರೆ ಕೊಳ್ಳು. ಮುಂದೆ ಮೆಟ್ರೋ ಬಂದರೆ ಅದು ಲಾಭದ ಬಾಬ್ತು.

ಕಾಗದದ ವಿಷಯಕ್ಕೆ ಬಂದರೆ ಕರ್ನಾಟಕದಿಂದ ಬಂದವರಿಗೆ ಇಲ್ಲಿ ನಿಜವಾಗಿಯೂ ಕಣ್ಣು ಕಟ್ಟುತ್ತದೆ. ನಮಗೆ ಗೊತ್ತಿರುವುದು ಖಾತೆ, ಇಸಿ, ಪಹಣಿ, ಕ್ರಯಪತ್ರ. ಇಲ್ಲಿ ಪಹಣಿಯ ದಾಯಾದಿ ‘ಸಾತ್‌ಬಾರಾ’, ನಗರದಲ್ಲಾದರೆ ಪ್ರಾಪರ್ಟಿ ಕಾರ್ಡ್. ನಮ್ಮಲ್ಲಿ ಕರಾರುಪತ್ರ ಮುಂಗಡದ ಕಾಗದ, ಕ್ರಯಪತ್ರವೇ ಮುಖ್ಯ. ಇಲ್ಲಿ ಫ್ಲ್ಯಾಟಿನ ವಿಷಯದಲ್ಲಿ ‘ಅಗ್ರಿಮೆಂಟ್ ಫಾರ್ ಸೇಲ್’ ಎಂಬುದನ್ನೇ ಪೂರ್ತಿ ಮುದ್ರಾಂಕ ಕಟ್ಟಿ ನೋಂದಣಿ ಮಾಡುತ್ತಾರೆ. ನೋಂದಣಿಯ ಸಾರಾಂಶವೇ ‘ಇಂಡೆಕ್ಸ್ ಟು’. ಕಟ್ಟಡದ ಕೆಳಗಿನ ನೆಲ ನಿಮ್ಮ ಹೆಸರಿಗೆ ಬರುವುದಿಲ್ಲ, ಅದನ್ನು ಬಿಲ್ಡರ್ ಫ್ಲ್ಯಾಟಿನವರೆಲ್ಲ ಸೇರಿದ ಸೊಸೈಟಿಗೆ ‘ಕನ್ವೇಯನ್ಸ್’ ಮಾಡಿಕೊಡಬೇಕು, ಅಂದರೆ ಅದರ ಹೆಸರಿಗೆ ವರ್ಗಾಯಿಸಬೇಕು. ನಿಮ್ಮ ಕೈಗೆ ಬರುವುದು ಸೊಸೈಟಿಯ ಶೇರ್ ಸರ್ಟಿಫಿಕೇಟು. ಕನ್ವೇಯನ್ಸ್ ಆಗದೆ ಮೂವತ್ತು, ನಲವತ್ತು ವರ್ಷ ಕಳೆದ ಸೊಸೈಟಿಗಳು ಹೆಜ್ಜೆಗೊಂದು ಸಿಗುತ್ತವೆ. ಬಿಲ್ಡರ್ ಕೊಡದಿದ್ದರೆ ಅವನ ಸಹಿಯಿಲ್ಲದೆಯೇ ‘ಡೀಮ್ಡ್ ಕನ್ವೇಯನ್ಸ್’ ಪಡೆಯುವ ದಾರಿ ಇದೆ, ಸೊಸೈಟಿಯವರು ಅಲೆಯಬೇಕು ಅಷ್ಟೆ.

ಹಳೆಯ ಫ್ಲ್ಯಾಟ್ ಕೊಳ್ಳುವಾಗ ಮೊದಲ ಮಾಲೀಕನಿಂದ ಇಂದಿನವನ ತನಕ ಎಲ್ಲ ಅಗ್ರಿಮೆಂಟುಗಳ ಸರಪಳಿ ಕೇಳಿ. ನಡುವಿನ ಒಂದು ಕೊಂಡಿಗೆ ಮುದ್ರಾಂಕ ಕಟ್ಟಿಲ್ಲವೆಂದರೆ ಬ್ಯಾಂಕ್ ಅಲ್ಲೇ ನಿಲ್ಲುತ್ತದೆ. ಸ್ಟೇಶನ್ ಪಕ್ಕದ, ಲಿಫ್ಟಿಲ್ಲದ ಮೂರು ಮಹಡಿಯ ಹಳೆ ಕಟ್ಟಡಗಳು ಇದೇ ಕಾರಣಕ್ಕೆ ಅಗ್ಗ. ‘ರೀಡೆವಲಪ್‌ಮೆಂಟಿಗೆ ಹೋಗುತ್ತದೆ, ಹೊಸ ಮನೆ ಫುಕಟ್’ ಎಂಬ ಆಸೆಯನ್ನು ಅದರ ಜೊತೆಗೆ ಮಾರುತ್ತಾರೆ. ಹೋಗಬಹುದು. ಕನ್ವೇಯನ್ಸೇ ಆಗದ ನೆಲದ ಮೇಲೆ ಸದಸ್ಯರೆಲ್ಲ ಒಂದಾಗಿ, ಬಿಲ್ಡರ್ ಸಿಕ್ಕಿ, ಅವನು ನಡುವೆ ಬಾಡಿಗೆ ಕೊಡುವುದನ್ನು ನಿಲ್ಲಿಸದೆ ಎಲ್ಲ ಮುಗಿದರೆ.

ಹೊಸ ಯೋಜನೆಯಾದರೆ ಮಹಾರೇರಾ, ಅಂದರೆ ಬಿಲ್ಡರುಗಳ ಮೇಲೆ ಕಣ್ಣಿಡುವ ರಾಜ್ಯದ ಪ್ರಾಧಿಕಾರ. 2016ರ ಕಾಯ್ದೆ, 2017ರ ಮೇಯಿಂದ ಮಹಾರಾಷ್ಟ್ರದಲ್ಲಿ ಜಾರಿ. ಅದರಿಂದ ಲಾಭವಾಗಿದೆ, ಸಂಶಯವಿಲ್ಲ. ಅಗ್ರಿಮೆಂಟ್ ನೋಂದಣಿಯಾಗದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಕೇಳುವಂತಿಲ್ಲ. ಗ್ರಾಹಕರಿಂದ ಬಂದ ಹಣದ ಶೇ 70 ಪ್ರತ್ಯೇಕ ಖಾತೆಯಲ್ಲಿರಬೇಕು. ದರ ಕಾರ್ಪೆಟ್ ಏರಿಯಾಕ್ಕೆ, ಅಂದರೆ ಮನೆಯೊಳಗೆ ನಿಜವಾಗಿ ಬಳಸಲು ಸಿಗುವ ಜಾಗಕ್ಕೆ. ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಐದು ವರ್ಷ ಬಿಲ್ಡರನ ಹೊಣೆ. ಆದರೆ ‘ರೇರಾ ನಂಬರ್ ಇದೆಯಲ್ಲ’ ಎಂದು ಕಣ್ಣು ಮುಚ್ಚುವವರು ನಮ್ಮ ಡೊಂಬಿವಲಿಯ ಕಥೆ ಕೇಳಬೇಕು. ಕಲ್ಯಾಣ–ಡೊಂಬಿವಲಿ ಪಾಲಿಕೆಯ ಹೆಸರಲ್ಲಿ ನಕಲಿ ಪರವಾನಗಿ ಸೃಷ್ಟಿಸಿ, ಅದನ್ನೇ ತೋರಿಸಿ ರೇರಾ ನೋಂದಣಿ ಪಡೆದ 65 ಕಟ್ಟಡಗಳು ಸಿಕ್ಕಿಬಿದ್ದವು. 2024ರ ನವೆಂಬರಿನಲ್ಲಿ ಬಾಂಬೆ ಹೈಕೋರ್ಟ್ ಅವುಗಳನ್ನು ಕೆಡವಲು ಹೇಳಿತು. ಒಳಗಿದ್ದವರು ಹೊಟ್ಟೆ ಕಟ್ಟಿ ದುಡ್ಡು ಕೂಡಿಸಿದವರು. ಹಲವರಿಗೆ ಬ್ಯಾಂಕ್ ಸಾಲವೂ ಸಿಕ್ಕಿತ್ತು. ನಾಲಾಸೋಪಾರಾದಲ್ಲಿ 41 ಕಟ್ಟಡಗಳು ನಿಂತಿದ್ದ ಜಾಗದಲ್ಲಿ ಒಂದು ಪಾಲು ಚರಂಡಿ ನೀರಿನ ಶುದ್ಧೀಕರಣ ಘಟಕಕ್ಕೂ ಕಸ ಹಾಕಲೂ ಮೀಸಲಿಟ್ಟದ್ದು. 2025ರ ಆರಂಭದ ಹೊತ್ತಿಗೆ ಅವು ನೆಲಸಮವಾದವು. ಆ ಮನೆಗಳೂ ‘ಡೆವಲಪಿಂಗ್ ಏರಿಯಾ’ದಲ್ಲೇ ಇದ್ದವು.

ಏನು ಮಾಡಬೇಕು ಹಾಗಾದರೆ? ಅರ್ಧ ದಿನ ರಜೆ ಹಾಕಿ ಪಾಲಿಕೆಯ ನಗರರಚನಾ ವಿಭಾಗಕ್ಕೆ ಹೋಗಬೇಕು. ಬಿಲ್ಡರ್ ಕೊಟ್ಟ ಕಮೆನ್ಸ್‌ಮೆಂಟ್ ಸರ್ಟಿಫಿಕೇಟಿನ (ಕಟ್ಟಲು ಪಾಲಿಕೆ ಕೊಡುವ ಪರವಾನಗಿ) ನಂಬರು ಅವರ ದಫ್ತರಿನಲ್ಲಿ ಇದೆಯೇ, ಆ ನೆಲಕ್ಕೆ ಡೆವಲಪ್‌ಮೆಂಟ್ ಪ್ಲಾನಿನಲ್ಲಿ ಯಾವುದಾದರೂ ಸಾರ್ವಜನಿಕ ಕೆಲಸದ ಮೀಸಲು ಇದೆಯೇ ಕೇಳಬೇಕು. ಬಿಲ್ಡರ್ ಪರಿಚಯಿಸಿದ ವಕೀಲರನ್ನು ಬಿಟ್ಟು ಬೇರೆಯವರಿಂದ 30 ವರ್ಷದ ಟೈಟಲ್ ಸರ್ಚ್ ಮಾಡಿಸಬೇಕು. ಕಟ್ಟಿ ಮುಗಿದ ಮನೆಯಾದರೆ ಓಸಿಯನ್ನು, ಅಂದರೆ ವಾಸಕ್ಕೆ ಪಾಲಿಕೆ ಕೊಡುವ ಒಪ್ಪಿಗೆಯ ಕಾಗದವನ್ನು, ಕಣ್ಣಾರೆ ನೋಡಬೇಕು. ‘ಓಸಿ ಅಪ್ಲೈ ಮಾಡಿದ್ದೇವೆ’ ಎಂದರೆ ಓಸಿ ಇಲ್ಲ ಎಂದೇ ಅರ್ಥ.

ಕಾಗದ ಸರಿಯಿದ್ದೂ ನೆಲ ಕೈಕೊಡಬಹುದು. 2019ರ ಜುಲೈ 27ರಂದು ಉಲ್ಹಾಸ್ ನದಿ ಉಕ್ಕಿ ಬದ್ಲಾಪುರ–ವಾಂಗಣಿ ನಡುವೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಪ್ರಯಾಣಿಕರ ಸಮೇತ ನೀರಿನ ನಡುವೆ ನಿಂತದ್ದು ದೇಶವೆಲ್ಲ ನೋಡಿದೆ. ಆ ನದಿಯ ದಂಡೆಯ ‘ರಿವರ್ ವ್ಯೂ’ ಫ್ಲ್ಯಾಟುಗಳಿಗೆ ಈಗಲೂ ಹೆಚ್ಚಿಗೆ ದರ ಕೇಳುತ್ತಾರೆ. ಮನೆ ನೋಡಲು ಜನವರಿಯಲ್ಲಿ ಹೋಗಬೇಡಿ. ಜುಲೈಯಲ್ಲಿ ಹೋಗಿ, ಎದುರಿನ ಕಿರಾಣಿ ಅಂಗಡಿಯವನ ಗೋಡೆಯ ಮೇಲೆ ನೀರಿನ ಗುರುತು ಎಷ್ಟು ಎತ್ತರಕ್ಕಿದೆ ನೋಡಿ.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. 40 ಲಕ್ಷದ ಮನೆಗೆ 40 ಲಕ್ಷ ಸಾಲದು. 30 ಲಕ್ಷ ಮೀರಿದ ಸಾಲಕ್ಕೆ ಬ್ಯಾಂಕ್ ಬೆಲೆಯ ಶೇ 80ಕ್ಕಿಂತ ಹೆಚ್ಚು ಕೊಡುವಂತಿಲ್ಲ, ಮುದ್ರಾಂಕ ಶುಲ್ಕ ಆ ಬೆಲೆಯಲ್ಲಿ ಸೇರುವುದಿಲ್ಲ. ಕೈಯಿಂದ 8 ಲಕ್ಷ, ಥಾಣೆ ಅಥವಾ ನವಿಮುಂಬಯಿಯಲ್ಲಾದರೆ ಶೇ 7ರಂತೆ 2.80 ಲಕ್ಷ ಮುದ್ರಾಂಕ (ಮುಂಬಯಿಯಲ್ಲಿ ಶೇ 6), ನೋಂದಣಿಗೆ 30 ಸಾವಿರ. ದಲಾಲಿ, ವಕೀಲರು ಬೇರೆ. 32 ಲಕ್ಷ ಸಾಲಕ್ಕೆ ಶೇ 8.5 ಬಡ್ಡಿಯಲ್ಲಿ 20 ವರ್ಷದ ಕಂತು ತಿಂಗಳಿಗೆ ಸುಮಾರು 27,800. ಇಂಥ ಮನೆಗೆ ಬಾಡಿಗೆ ಸಾಮಾನ್ಯವಾಗಿ ಬೆಲೆಯ ಶೇ 3ರ ಆಸುಪಾಸು, ಅಂದರೆ ತಿಂಗಳಿಗೆ ಹತ್ತು ಸಾವಿರ. ಈ ಅಂತರವನ್ನು ಕಣ್ಣಿಟ್ಟು ನೋಡಿದವರು ಆತುರಪಡುವುದಿಲ್ಲ. ಮನೆಯನ್ನು ಕೇವಲ ಹೆಂಡತಿಯ ಹೆಸರಲ್ಲಿ ಮಾಡಿದರೆ ಮುದ್ರಾಂಕದಲ್ಲಿ ಶೇ 1 ಕಡಿತ; ಗಂಡನ ಹೆಸರು ಜೊತೆಗೆ ಸೇರಿದರೆ ಆ ಕಡಿತ ಇಲ್ಲ. ಕಟ್ಟುತ್ತಿರುವ ಮನೆಗೆ ಜಿಎಸ್‌ಟಿ ಶೇ 5, ಅದೇ 45 ಲಕ್ಷದೊಳಗಿದ್ದು ಮುಂಬಯಿ ಮಹಾನಗರ ಪ್ರದೇಶದಲ್ಲಿ ಕಾರ್ಪೆಟ್ 60 ಚದರ ಮೀಟರ್ ಮೀರದಿದ್ದರೆ ಶೇ 1. ಮುಗಿದು ಪ್ರಮಾಣಪತ್ರ ಸಿಕ್ಕ ಮನೆಗೆ ಇಲ್ಲವೇ ಇಲ್ಲ.

ಸರ್ಕಾರಿ ದಾರಿಯಲ್ಲಿ ಹೊಸಬರಿಗೆ ಎರಡು ಕಲ್ಲು. ರಾಜ್ಯದ ವಸತಿ ಮಂಡಳಿಯಾದ ಮ್ಹಾಡಾದ ಮನೆ ಲಾಟರಿಗೆ ಡೊಮಿಸೈಲ್ (ನಿವಾಸಿ) ಪತ್ರ ಬೇಕು, ಅದಕ್ಕೆ ಮಹಾರಾಷ್ಟ್ರದಲ್ಲಿ 15 ವರ್ಷದ ವಾಸ ಬೇಕು. ಪ್ರಧಾನಮಂತ್ರಿ ಆವಾಸ್ ಯೋಜನೆಯ ಎರಡನೆಯ ಆವೃತ್ತಿಯಲ್ಲಿ ವರ್ಷಾದಾಯ 9 ಲಕ್ಷ, ಮನೆ 35 ಲಕ್ಷ, ಸಾಲ 25 ಲಕ್ಷ ಮೀರದಿದ್ದವರಿಗೆ ಒಟ್ಟು 1.80 ಲಕ್ಷದವರೆಗೆ ಬಡ್ಡಿ ಸಬ್ಸಿಡಿ ಉಂಟು. ಆದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳ ಹೆಸರಲ್ಲಿ ದೇಶದ ಎಲ್ಲೂ ಪಕ್ಕಾ ಮನೆ ಇರಬಾರದು. ಊರಿನ ಹಿಸ್ಸೆಯಲ್ಲಿ ಹಿರಿಯರ ಮನೆ ನಿಮ್ಮ ಹೆಸರಿಗೆ ಬಂದಿದ್ದರೆ ಅರ್ಜಿಗೆ ಮೊದಲು ಅದನ್ನು ನೋಡಿಕೊಳ್ಳಿ.

ಈಗ ನಮ್ಮವರ ವಿಷಯ. ಫೋರ್ಟಿನ ಹೋಟೆಲುಗಳಲ್ಲಿ ದುಡಿದು ಕನ್ನಡ ರಾತ್ರಿಶಾಲೆಯಲ್ಲಿ ಓದಿದ ತಲೆಮಾರು ಮಾಟುಂಗಾ, ವಡಾಲಾದಲ್ಲಿ ನೆಲೆ ನಿಂತಿತು. ಆಮೇಲಿನವರು ಡೊಂಬಿವಲಿ, ಮೀರಾ–ಭಾಯಂದರ್, ನವಿಮುಂಬಯಿಗೆ ಹರಿದರು. ಹಾಗಾಗಿ ಹೊಸಬರು ‘ಕನ್ನಡದವರು ಇರುವ ಕಡೆ’ ಹುಡುಕುವುದು ಸಹಜ, ನಾನೂ ಹಾಗೆಯೇ ಬಂದವನು. ಕಷ್ಟಕ್ಕೆ ಒದಗುವವರು, ಕುಚ್ಚಿಲಕ್ಕಿ ಸಿಗುವ ಅಂಗಡಿ, ತಾಳಮದ್ದಳೆ, ಇವೆಲ್ಲ ಬೆಲೆ ಕಟ್ಟಲಾಗದವು. ಆದರೆ ಮಾಟುಂಗಾದ ಮೈಸೂರು ಅಸೋಸಿಯೇಶನ್ನಿನಲ್ಲೋ ಕುರ್ಲಾದ ಬಂಟರ ಭವನದಲ್ಲೋ ಕಾರ್ಯಕ್ರಮ ಇರುವುದು ಭಾನುವಾರ. ಆಫೀಸು ವಾರದ ಆರು ದಿನ. ಇನ್ನೊಂದು ಮಾತು ಕೆಲವರಿಗೆ ಹಿಡಿಸಲಿಕ್ಕಿಲ್ಲ. ‘ನಮ್ಮವರೇ ಬಿಲ್ಡರ್’ ಎಂಬ ಒಂದೇ ನಂಬಿಕೆಗೆ ಓಸಿ ಕೇಳದೆ ದುಡ್ಡು ಕೊಟ್ಟವರಲ್ಲಿ ನಾನೂ ಒಬ್ಬ. ಸಂಘದ ವೇದಿಕೆಯಲ್ಲಿ ಶಾಲು ಹೊದೆಸಿದ ಮನುಷ್ಯನಿಗೆ ಕಾಗದ ತೋರಿಸಿ ಎನ್ನಲು ಸಂಕೋಚ. ಆ ಸಂಕೋಚಕ್ಕೆ ನಮ್ಮ ಬಿಲ್ಡಿಂಗಿನವರು ಓಸಿಗಾಗಿ ಹನ್ನೊಂದು ವರ್ಷ ಅಲೆದೆವು.

ಪುಣೆಯಲ್ಲಿ ಕೆಲಸ ಸಿಕ್ಕಿದವರು ಇದೆಲ್ಲ ನಮಗಲ್ಲ ಎಂದುಕೊಳ್ಳಬಾರದು. ಅಲ್ಲಿ ಅಗ್ಗದ ಕಾರಣ ಬೇರೆ ಜಾಗದಲ್ಲಿ ಅಡಗಿರುತ್ತದೆ. ಮುಂಬಯಿಯಲ್ಲಿ ರೈಲು ಕೇಳಿದ ಹಾಗೆ ಪುಣೆಯಲ್ಲಿ ನೀರು ಕೇಳಬೇಕು. ಪುಣೆ ಪಾಲಿಕೆಗೆ 2017ರಲ್ಲಿ 11, 2021ರಲ್ಲಿ 23 ಹಳ್ಳಿಗಳು ಸೇರಿದವು. ಕಟ್ಟಡಗಳು ಬಂದ ವೇಗದಲ್ಲಿ ಕೊಳವೆ ಬರಲಿಲ್ಲ. ಪಾಲಿಕೆಯ ನೀರು ಬರುವತನಕ ನಾನೇ ಕೊಡುತ್ತೇನೆ ಎಂದು ಬಿಲ್ಡರ್ ಮುಚ್ಚಳಿಕೆ ಬರೆದುಕೊಡುತ್ತಾನೆ, ಸೊಸೈಟಿ ಆದ ಮೇಲೆ ಟ್ಯಾಂಕರಿನ ಬಿಲ್ಲು ನಿಮ್ಮ ಮೇಂಟೆನೆನ್ಸಿಗೆ ಬರುತ್ತದೆ. 2025ರ ಜನವರಿಯಲ್ಲಿ ಗೀಲನ್–ಬಾರೆ ಎಂಬ ನರಗಳ ಕಾಯಿಲೆ ಹರಡಿದಾಗ ಹೆಚ್ಚು ನಲುಗಿದ್ದು ಸಿಂಹಗಡ ರಸ್ತೆಯ ನಾಂದೇಡ್, ಕಿರ್ಕಟವಾಡಿಯಂಥ ಇದೇ ಸೇರ್ಪಡೆಯ ಹಳ್ಳಿಗಳು. ಸಂಶಯ ಹೋದದ್ದು ಕುಡಿಯುವ ನೀರಿನ ಮೇಲೆ. ನದಿಗಳ ‘ನೀಲಿ ರೇಖೆ’ಯೂ ಅಲ್ಲಿ ತಿಳಿದಿರಬೇಕು. 25 ವರ್ಷಕ್ಕೊಮ್ಮೆ ಬರಬಹುದಾದ ನೆರೆಯ ಗಡಿ ಅದು, ಅದರೊಳಗೆ ಕಟ್ಟುವಂತಿಲ್ಲ. ಚಿಖಲಿಯಲ್ಲಿ ಇಂದ್ರಾಯಣಿಯ ನೀಲಿ ರೇಖೆಯೊಳಗೆ ಎದ್ದಿದ್ದ 36 ಬಂಗಲೆಗಳನ್ನು 2025ರ ಮೇಯಲ್ಲಿ ಪಿಂಪ್ರಿ–ಚಿಂಚವಡ ಪಾಲಿಕೆ ಕೆಡವಿತು.

ಅಕ್ಕನ ಮಗನ ಹಾಳೆಗೆ ಮರಳುತ್ತೇನೆ. ಐರೋಲಿ ಎಂದು ಬರೆದ ಕೂಡಲೇ ನಾಲಾಸೋಪಾರಾ ತಾನಾಗಿ ಬಿದ್ದುಹೋಯಿತು. ಬದ್ಲಾಪುರಕ್ಕೆ ಥಾಣೆಯಲ್ಲಿ ಒಂದು ಬದಲಾವಣೆ, ತಳೋಜಾಕ್ಕೆ ಬೇಲಾಪುರದಲ್ಲಿ ಒಂದು. ಜನಜಂಗುಳಿ ನೋಡಿದರೆ ತಳೋಜಾ ವಾಸಿ. ಆದರೆ ಅಲ್ಲಿ ನೆಲ ನವಿಮುಂಬಯಿ ಕಟ್ಟಿದ ಸರ್ಕಾರಿ ಸಂಸ್ಥೆ ಸಿಡ್ಕೋದ ಲೀಸಿನದು, ಪಕ್ಕದಲ್ಲಿ ಕೈಗಾರಿಕಾ ವಲಯ. ಕೊಳ್ಳಬೇಡ, ಅದೇ ಕಾಂಪ್ಲೆಕ್ಸಿನಲ್ಲಿ ಹನ್ನೊಂದು ತಿಂಗಳು ಬಾಡಿಗೆಗೆ ಇರು, ಒಂದು ಮಳೆಗಾಲ ಕಳೆಯಲಿ ಎಂದೆ. ಮುಖ ಸಣ್ಣ ಮಾಡಿಕೊಂಡ. ಬಾಡಿಗೆ ಅಂದರೆ ನೀರಿಗೆ ಹಾಕಿದ ದುಡ್ಡು ಎಂದು ಅವನಮ್ಮ, ಅಂದರೆ ನನ್ನ ಅಕ್ಕ, ಫೋನಿನಲ್ಲಿ ನನಗೂ ಎರಡು ಮಾತು ಅಂದಳು. ಕಡೆಗೆ ಬಾಡಿಗೆಗೇ ಹೋದ.

ಮೊನ್ನೆ ಮತ್ತೆ ಬಂದಿದ್ದ, ಹೊಸ ಹಾಳೆಯ ಜೊತೆಗೆ. ಈ ಸಲ ಒಂದೇ ಕಾಂಪ್ಲೆಕ್ಸಿನ ಎರಡು ಬೇರೆ ಬೇರೆ ವಿಂಗುಗಳ ಹೆಸರು. ಈಜುಕೊಳದ ಕಾಲಂ ಇಲ್ಲ. ಅದರ ಜಾಗದಲ್ಲಿ ‘ವಾರಕ್ಕೆ ಟ್ಯಾಂಕರ್ ಎಷ್ಟು’ ಎಂದು ಒಂದು, ‘ರಾತ್ರಿ ಹನ್ನೊಂದರ ಮೇಲೆ ಗಾಳಿ ಯಾವ ಕಡೆಯಿಂದ’ ಎಂದು ಇನ್ನೊಂದು.